ಹಳದಿ ಬಾವುಟದಿಂದ ಕೆಂಪು ಬಟ್ಟೆಯವರೆಗೆ: ಪೆಸಿಫಿಕ್ ದ್ವೀಪಗಳ ರೋಗ ಕಾವಲಿನ ಚರಿತ್ರೆ

ಮನೆಯಲ್ಲಿ ಒಬ್ಬರಿಗೆ ಅಂಟುಜಾಡ್ಯ ತಗುಲಿದರೆ ಅದನ್ನು ನೆರೆಮನೆಯವರಿಗೆ ಹೇಳಬೇಕೋ ಬೇಡವೋ ಎಂಬ ಪ್ರಶ್ನೆ ಬಹಳ ಹಳೆಯದು. ಹೇಳಿದರೆ ಜನ ದೂರ ಸರಿದಾರು ಎಂಬ ಅಂಜಿಕೆ ಒಂದು ಕಡೆ. ಹೇಳದಿದ್ದರೆ ಅವರ ಮಕ್ಕಳಿಗೂ ತಗುಲೀತು ಎಂಬ ಅಳುಕು ಇನ್ನೊಂದು ಕಡೆ. ಈ ಚಿಕ್ಕ ಪ್ರಶ್ನೆಯೇ ದೊಡ್ಡದಾಗಿ ಬೆಳೆದು, ಇಡೀ ಜನಸಮುದಾಯಗಳ ಅಳಿವು ಉಳಿವನ್ನು ನಿರ್ಧರಿಸಿದ ಪ್ರದೇಶವೊಂದು ಭೂಮಿಯ ಮೇಲಿದೆ. ಅದೇ ಪೆಸಿಫಿಕ್ ಮಹಾಸಾಗರದ ದ್ವೀಪಲೋಕ.

ಭೂಮಿಯ ಮೇಲ್ಮೈಯ ಸುಮಾರು ಮೂರನೇ ಒಂದು ಭಾಗವನ್ನು ಆವರಿಸಿರುವ ಈ ಸಾಗರದಲ್ಲಿ ಸಾವಿರಾರು ದ್ವೀಪಗಳು ಚದುರಿಕೊಂಡಿವೆ. ಪಪುವಾ ನ್ಯೂಗಿನಿಯಂತಹ ದೊಡ್ಡ ನಾಡಿನಿಂದ ಹಿಡಿದು ಐವತ್ತರ ಆಸುಪಾಸಿನಷ್ಟು ಜನರಿರುವ ಪಿಟ್‌ಕೇರ್ನ್‌ವರೆಗೆ ಒಟ್ಟು 22 ದೇಶ ಹಾಗೂ ಪ್ರಾಂತ್ಯಗಳು ಇಲ್ಲಿವೆ. ಸುತ್ತಲೂ ನೀರಿರುವ ನಾಡಿಗೆ ರೋಗದ ಭಯವೇಕೆ ಎಂದು ನಮಗೆ ಅನಿಸಬಹುದು. ಶತಮಾನಗಳ ಕಾಲ ಸಮುದ್ರವು ಆ ಜನರಿಗೆ ಕೋಟೆಯಂತಿದ್ದುದು ನಿಜ. ಆದರೆ ಆ ಕೋಟೆಯೇ ಅವರನ್ನು ದುರ್ಬಲರನ್ನಾಗಿಯೂ ಮಾಡಿತ್ತು. ದಡಾರದಂತಹ ರೋಗ ಒಂದೆಡೆ ನೆಲೆನಿಲ್ಲಬೇಕಾದರೆ ಲಕ್ಷಾಂತರ ಜನ ಬೇಕು. ದಿನದಿನವೂ ಹೊಸ ಶಿಶುಗಳು ಹುಟ್ಟುತ್ತಿರಬೇಕು. ಸಣ್ಣ ದ್ವೀಪದಲ್ಲಿ ಅದು ಎಲ್ಲರಿಗೂ ಒಮ್ಮೆಲೇ ತಗುಲಿ, ಹೊಸ ದೇಹ ಸಿಗದೆ ನಂದಿಹೋಗುತ್ತದೆ. ಹೀಗಾಗಿ ಹೊರಗಿನಿಂದ ರೋಗ ಬಂದಾಗ ಅದನ್ನು ಬಾಲ್ಯದಲ್ಲಿ ಅನುಭವಿಸಿ ಗೆದ್ದ ಹಿರಿಯರು ಅಲ್ಲಿ ಒಬ್ಬರೂ ಇರುತ್ತಿರಲಿಲ್ಲ. ಅಜ್ಜ, ತಂದೆ, ಮಗು ಎಲ್ಲರೂ ಒಂದೇ ವಾರದಲ್ಲಿ ಹಾಸಿಗೆ ಹಿಡಿಯುತ್ತಿದ್ದರು. ನೀರು ಕೊಡುವವರೂ ಗಂಜಿ ಕಾಯಿಸುವವರೂ ಇಲ್ಲದ ಆ ಸ್ಥಿತಿಯೇ ರೋಗಕ್ಕಿಂತ ಹೆಚ್ಚು ಜನರನ್ನು ಕೊಲ್ಲುತ್ತಿತ್ತು.

ಅಂಥ ನಾಡಿಗೆ ಮುನ್ಸೂಚನೆಯೊಂದೇ ಔಷಧ. ಬರುತ್ತಿರುವ ಹಡಗಿನಲ್ಲಿ ರೋಗವಿದೆಯೆಂದು ಮೊದಲೇ ತಿಳಿದರೆ ಬಾಗಿಲು ಹಾಕಬಹುದು. ಆ ಕಾಲದ ನೌಕಾ ಪದ್ಧತಿಯಲ್ಲಿ ಇದಕ್ಕೊಂದು ಗುರುತೂ ಇತ್ತು. ರೋಗಿಗಳಿರುವ ಹಡಗು ಹಳದಿ ಬಾವುಟವನ್ನು ಏರಿಸಬೇಕು. ವೈದ್ಯರು ಅನುಮತಿಸುವ ತನಕ ಯಾರೂ ದಡಕ್ಕಿಳಿಯಬಾರದು. ಪೆಸಿಫಿಕ್‌ನ ರೋಗಚರಿತ್ರೆಯೆಂದರೆ ಬಹುಮಟ್ಟಿಗೆ ಈ ಬಾವುಟವನ್ನು ಏರಿಸಿದವರ ಮತ್ತು ಏರಿಸದವರ ಚರಿತ್ರೆ.

1874ರ ಅಕ್ಟೋಬರ್ 10ರಂದು ಫಿಜಿ ದ್ವೀಪಗಳು ಬ್ರಿಟಿಷ್ ಸಾಮ್ರಾಜ್ಯಕ್ಕೆ ಸೇರಿದವು. ಅಲ್ಲಿನ ಪ್ರಮುಖ ಅರಸ ದಾಕೊಂಬಾವ್ ತನ್ನ ಪುತ್ರರೊಡನೆ ಆಸ್ಟ್ರೇಲಿಯಾದ ಸಿಡ್ನಿ ನಗರವನ್ನು ಸಂದರ್ಶಿಸಲು ಹೋದನು. ಅಲ್ಲಿ ಆಗ ದಡಾರ ಹಬ್ಬಿತ್ತು. ಅರಸನಿಗೂ ತಗುಲಿತು, ಮರಳಿ ಬರುವ ದಾರಿಯಲ್ಲಿ ಪುತ್ರರಿಗೂ ತಗುಲಿತು. ಅವರನ್ನು ಹೊತ್ತ 'ಡೈಡೋ' ಎಂಬ ಬ್ರಿಟಿಷ್ ಯುದ್ಧನೌಕೆ 1875ರ ಜನವರಿ 12ರಂದು ಅಂದಿನ ರಾಜಧಾನಿ ಲೆವುಕಾವನ್ನು ಮುಟ್ಟಿತು. ಹಳದಿ ಬಾವುಟ ಏರಲಿಲ್ಲ. ಅರಸನನ್ನು ಕಾಣಲು ಬಂಧುಗಳೂ ಮುಖಂಡರೂ ತಂಡೋಪತಂಡವಾಗಿ ಬಂದರು. ಅದೇ ತಿಂಗಳು ಹೊಸ ಆಡಳಿತವು ವಿಟಿ ಲೆವು ದ್ವೀಪದ ಬೆಟ್ಟಪ್ರದೇಶದ ಮುಖಂಡರ ದೊಡ್ಡ ಸಭೆಯೊಂದನ್ನು ಕರೆದಿತ್ತು. ಸಭೆ ಮುಗಿದು ಅವರೆಲ್ಲ ತಮ್ಮ ತಮ್ಮ ಹಳ್ಳಿಗಳಿಗೆ ಹಿಂದಿರುಗಿದಾಗ ದಡಾರವೂ ಅವರೊಡನೆ ಕಣಿವೆ ಕಣಿವೆಗೆ ಪಯಣ ಬೆಳೆಸಿತು. ಕೆಲವೇ ತಿಂಗಳಲ್ಲಿ ಸತ್ತವರು ಸುಮಾರು 40,000 ಮಂದಿ. ಅಂದರೆ ಅಲ್ಲಿನ ಜನಸಂಖ್ಯೆಯ ಸುಮಾರು ನಾಲ್ಕನೇ ಒಂದು ಭಾಗ. ಜ್ವರದ ಉರಿ ತಾಳಲಾರದೆ ತಣ್ಣೀರಿನಲ್ಲಿ ಮಲಗಿ ಪ್ರಾಣ ಬಿಟ್ಟವರೆಷ್ಟೋ. ಹೊಲದ ಕೆಲಸ ನಿಂತುಹೋಗಿ ಹಸಿವಿನಿಂದ ಸತ್ತವರೆಷ್ಟೋ.

ಸಾವಿನೊಡನೆ ಇನ್ನೊಂದು ನಷ್ಟವೂ ಆಯಿತು. ಬಂದ ಆಡಳಿತಗಾರರು ಬೇಕೆಂದೇ ರೋಗವನ್ನು ಬಿತ್ತಿದರು ಎಂದು ಬೆಟ್ಟದ ಜನ ನಂಬಿದರು. ಆಗತಾನೇ ಸ್ವೀಕರಿಸಿದ್ದ ಕ್ರೈಸ್ತ ವಿಶ್ವಾಸವನ್ನೂ ಹಲವರು ತೊರೆದರು; 1876ರಲ್ಲಿ ಅವರಿಗೂ ಆಡಳಿತಕ್ಕೂ ಯುದ್ಧವೇ ನಡೆಯಿತು. ಇಂತಹ ಅಪನಂಬಿಕೆ ಹೊಸದೇನೂ ಆಗಿರಲಿಲ್ಲ. ಇಂದು ವನುವಾಟು ಎನಿಸಿಕೊಂಡಿರುವ ದ್ವೀಪಗಳಲ್ಲಿ 1861ರಲ್ಲಿ ದಡಾರ ಹಬ್ಬಿದಾಗ, ಎರೊಮಾಂಗ ದ್ವೀಪದ ಜನರು ಅದಕ್ಕೆ ಧರ್ಮಪ್ರಚಾರಕ ಜಾರ್ಜ್ ಗಾರ್ಡನ್ ಕಾರಣನೆಂದು ತಿಳಿದು ಅವನನ್ನೂ ಅವನ ಪತ್ನಿಯನ್ನೂ ಕೊಂದಿದ್ದರು. ಎಲ್ಲಿಂದ ಬಂತು, ಹೇಗೆ ಬಂತು ಎಂದು ಯಾರೂ ತಿಳಿಸದ ರೋಗವು ಸಹಜವಾಗಿಯೇ ಸಂಶಯದ ವೇಷ ತೊಡುತ್ತದೆ. ಮುಚ್ಚಿಟ್ಟ ಸುದ್ದಿ ದೇಹವನ್ನಷ್ಟೇ ಅಲ್ಲ, ಮನುಷ್ಯ ಮನುಷ್ಯರ ನಡುವಿನ ವಿಶ್ವಾಸವನ್ನೂ ಕೊಲ್ಲುತ್ತದೆ.

ಈ ಪಾಠವನ್ನು ಫಿಜಿ ನಾಲ್ಕೇ ವರ್ಷಗಳಲ್ಲಿ ಕಲಿತಿತ್ತೆಂಬುದಕ್ಕೆ ಸಾಕ್ಷಿಯಾದವರು ನಮ್ಮ ಭಾರತದವರೇ. ಫಿಜಿಯ ತೋಟಗಳಿಗೆ ಗಿರ್ಮಿಟ್ ಕರಾರಿನ ಮೇಲೆ ಕೂಲಿಗಾರರನ್ನು ಹೊತ್ತ ಮೊದಲ ಹಡಗು 'ಲಿಯೊನಿದಾಸ್' 1879ರ ಮಾರ್ಚ್‌ನಲ್ಲಿ ಕಲ್ಕತ್ತದಿಂದ ಹೊರಟು ಮೇ 14ರಂದು ಲೆವುಕಾವನ್ನು ತಲುಪಿತು. ದಾರಿಯಲ್ಲಿ ಕಾಲರಾ ಮತ್ತು ಸಿಡುಬು ಕಾಣಿಸಿಕೊಂಡು ಹಲವರು ಮೃತಪಟ್ಟಿದ್ದರು. ಈ ಬಾರಿ ಯಾರೂ ಸುದ್ದಿಯನ್ನು ಮುಚ್ಚಿಡಲಿಲ್ಲ. ಉಳಿದ 460ಕ್ಕೂ ಹೆಚ್ಚು ಪ್ರಯಾಣಿಕರನ್ನು ಯಾನುಚಾ ಲೈಲೈ ಎಂಬ ಪುಟ್ಟ ದ್ವೀಪಕ್ಕೆ ಕಳುಹಿಸಿ, ತಾತ್ಕಾಲಿಕ ಗುಡಿಸಲುಗಳಲ್ಲಿ ಆಗಸ್ಟ್‌ವರೆಗೆ, ಸುಮಾರು ಮೂರು ತಿಂಗಳ ಕಾಲ, ಪ್ರತ್ಯೇಕವಾಗಿ ಇರಿಸಲಾಯಿತು. ಅಲ್ಲಿಯೂ ಕೆಲವರು ಸತ್ತರು. ಆದರೆ ಸಿಡುಬು ಆ ಪುಟ್ಟ ದ್ವೀಪವನ್ನು ದಾಟಿ ಫಿಜಿಯ ಹಳ್ಳಿಗಳಿಗೆ ಕಾಲಿಡಲಿಲ್ಲ. ಮನೆಮಠ ಬಿಟ್ಟು, ಎಲ್ಲಿಗೆ ಹೋಗುತ್ತಿದ್ದೇವೆಂಬುದನ್ನೂ ಸರಿಯಾಗಿ ಅರಿಯದೆ ಬಂದಿದ್ದ ಆ ಬಡಜನರು ಆ ಮೂರು ತಿಂಗಳನ್ನು ಹೇಗೆ ಕಳೆದರೋ ಊಹಿಸುವುದೂ ಕಷ್ಟ. ಒಂದು ದೇಶದ ರಕ್ಷಣೆಯ ಬೆಲೆಯನ್ನು ಅವರು ತೆತ್ತರು. 1903ರಿಂದ ಮದರಾಸು ಬಂದರಿನಿಂದಲೂ ಹಡಗುಗಳು ಹೊರಟವು. ಈ ಕರಾರು ಸಾಗಣೆ 1916ರಲ್ಲಿ ನಿಲ್ಲುವ ಹೊತ್ತಿಗೆ ಅರುವತ್ತು ಸಾವಿರಕ್ಕೂ ಹೆಚ್ಚು ಭಾರತೀಯರು ಫಿಜಿಯನ್ನು ಸೇರಿದ್ದರು.

ದಡಾರ ಮತ್ತು ಸಿಡುಬಿನ ಈ ಅನುಭವ ಇನ್ನೊಂದು ಒಳ್ಳೆಯ ಕೆಲಸಕ್ಕೂ ಕಾರಣವಾಯಿತು. 1880ರ ದಶಕದ ನಡುವೆ ಸುವಾ ನಗರದಲ್ಲಿ ಸ್ಥಳೀಯ ಯುವಕರಿಗೆ ಸಿಡುಬಿನ ಲಸಿಕೆ ಹಾಕುವುದನ್ನು ಕಲಿಸುವ ಶಾಲೆಯೊಂದು ಆರಂಭವಾಯಿತು. ಅದೇ ಬೆಳೆದು 1928ರಿಂದ ಇತರ ದ್ವೀಪಗಳ ವಿದ್ಯಾರ್ಥಿಗಳನ್ನೂ ಸೇರಿಸಿಕೊಂಡು ಪೆಸಿಫಿಕ್‌ನ ವೈದ್ಯಕೀಯ ವಿದ್ಯಾಕೇಂದ್ರವಾಯಿತು. ರೋಗವನ್ನು ಮೊದಲು ಕಾಣುವವನು ದೂರದ ರಾಜಧಾನಿಯ ಅಧಿಕಾರಿಯಲ್ಲ, ಹಳ್ಳಿಯ ಭಾಷೆ ಬಲ್ಲ ಹಳ್ಳಿಯ ಮಗ ಎಂಬ ತಿಳಿವಳಿಕೆ ಅಲ್ಲಿ ಬೇರೂರಿತು.

ಆದರೆ ಕಲಿತ ಪಾಠವನ್ನು ಮರೆಯಲು ಹೆಚ್ಚು ಕಾಲ ಬೇಡ. 1918ರ ಅಕ್ಟೋಬರ್ 30ರಂದು 'ತಲುನೆ' ಎಂಬ ಹಡಗು ನ್ಯೂಜಿಲೆಂಡಿನ ಆಕ್ಲೆಂಡ್‌ನಿಂದ ಹೊರಟಿತು. ಜಗತ್ತನ್ನೇ ನಡುಗಿಸಿದ ಇನ್‌ಫ್ಲುಯೆಂಜಾ ಆಗ ಆಕ್ಲೆಂಡ್‌ನಲ್ಲಿ ಹಬ್ಬುತ್ತಿತ್ತು. ಆದರೆ ವರದಿ ಮಾಡಲೇಬೇಕಾದ ರೋಗಗಳ ಪಟ್ಟಿಯಲ್ಲಿ ಅದರ ಹೆಸರು ಇನ್ನೂ ಸೇರಿರಲಿಲ್ಲ. ಹಡಗಿಗೆ ನಿರೋಗ ಪತ್ರ ಸುಲಭವಾಗಿಯೇ ದೊರೆಯಿತು. ದಾರಿಯಲ್ಲಿ ಫಿಜಿಯ ಸುವಾದಲ್ಲಿ ಹಡಗಿನ ಮೇಲೆ ನಿರ್ಬಂಧ ಹೇರಲಾಗಿತ್ತು. ಆ ಸಂಗತಿಯನ್ನು ನವೆಂಬರ್ 7ರಂದು ಸಮೋವಾದ ಅಪಿಯಾ ಬಂದರಿನಲ್ಲಿ ಹಡಗಿನವರು ತಿಳಿಸಲಿಲ್ಲ. ಕೆಮ್ಮಿ ಬಸವಳಿದ ಪ್ರಯಾಣಿಕರು ಹಾಗೆಯೇ ದಡಕ್ಕಿಳಿದರು. ಮುಂದಿನ ಎರಡು ತಿಂಗಳಲ್ಲಿ ಸುಮಾರು 38,000 ಜನರಿದ್ದ ಪಶ್ಚಿಮ ಸಮೋವಾದಲ್ಲಿ ಸುಮಾರು 8,500 ಮಂದಿ ಮರಣ ಹೊಂದಿದರು. ಐವರಲ್ಲಿ ಒಬ್ಬರಿಗಿಂತ ಹೆಚ್ಚು. ಕುಲದ ಹಿರಿಯರೂ ಸಭಾಪಾಲಕರೂ ದೊಡ್ಡ ಸಂಖ್ಯೆಯಲ್ಲಿ ತೀರಿಹೋದರು. ಶವಗಳನ್ನು ಸಾಮೂಹಿಕ ಗುಂಡಿಗಳಲ್ಲಿ ಹೂಳಬೇಕಾಯಿತು. ಅದೇ ಹಡಗು ಟೋಂಗಾ ದ್ವೀಪಗಳಿಗೂ ರೋಗವನ್ನು ಒಯ್ದಿತು.

ಅಲ್ಲಿಂದ ನೂರು ಚಿಲ್ಲರೆ ಕಿಲೋಮೀಟರ್ ದೂರದಲ್ಲಿ ಅದೇ ಜನ, ಅದೇ ಭಾಷೆ, ಅದೇ ಮನೆತನಗಳ ಇನ್ನೊಂದು ಸಮೋವಾ ಇದೆ. ಅದು ಅಮೆರಿಕದ ಆಡಳಿತದಲ್ಲಿತ್ತು. ಅದರ ಗವರ್ನರ್ ಜಾನ್ ಪಾಯರ್ ಎಂಬ ನೌಕಾಧಿಕಾರಿ. ರೋಗದ ಸುದ್ದಿಯನ್ನು ರೇಡಿಯೊ ಮೂಲಕ ತಿಳಿದುಕೊಂಡ ಆತನು ಬಂದರನ್ನು ಕಟ್ಟುನಿಟ್ಟಾಗಿ ಕಾಯಿಸಿದನು. ನೆರೆದ್ವೀಪದಿಂದ ರಾತ್ರಿ ಹೊತ್ತು ದೋಣಿಗಳು ಬಾರದಂತೆ ಗ್ರಾಮಸ್ಥರೇ ಕಡಲತೀರದಲ್ಲಿ ಕಾವಲು ಕುಳಿತರು. ಅಂಚೆಯ ಚೀಲಗಳನ್ನು ಸಹ ತಡೆದಿರಿಸಲಾಯಿತು. ಆ ಮಹಾಮಾರಿಗೆ ಅಮೆರಿಕನ್ ಸಮೋವಾದಲ್ಲಿ ಒಬ್ಬರೂ ಬಲಿಯಾಗಲಿಲ್ಲ. ಒಂದು ಕಡೆ 8,500 ಸಾವು, ಇನ್ನೊಂದು ಕಡೆ ಸೊನ್ನೆ. ಎರಡೂ ಕಡೆ ಔಷಧ ಇರಲಿಲ್ಲ, ಲಸಿಕೆ ಇರಲಿಲ್ಲ. ವ್ಯತ್ಯಾಸ ಇದ್ದುದು ಸುದ್ದಿಯನ್ನು ಕೇಳಿಸಿಕೊಂಡ ಕಿವಿಯಲ್ಲಿ ಮತ್ತು ಅದರಂತೆ ನಡೆದುಕೊಂಡ ಮನಸ್ಸಿನಲ್ಲಿ.

ಪಾಯರ್ ತನ್ನ ಕಡೆಯಿಂದ ವೈದ್ಯಕೀಯ ನೆರವನ್ನು ಕಳುಹಿಸಲು ಸಿದ್ಧನಿದ್ದನು. ಆದರೆ ಪಶ್ಚಿಮ ಸಮೋವಾದ ಆಡಳಿತಾಧಿಕಾರಿ, ನ್ಯೂಜಿಲೆಂಡಿನ ಕರ್ನಲ್ ರಾಬರ್ಟ್ ಲೋಗನ್, ಅದನ್ನು ಸ್ವೀಕರಿಸಲಿಲ್ಲ. ತನ್ನ ಕಡೆಯ ಅಂಚೆಹಡಗಿಗೆ ನಿರ್ಬಂಧ ಹಾಕಿದರೆಂದು ಮುನಿದು, ನೆರೆಯ ದ್ವೀಪದೊಡನೆ ರೇಡಿಯೊ ಸಂಪರ್ಕವನ್ನೇ ಕಡಿದುಹಾಕಿದನು. ಜನ ಸಾಯುತ್ತಿರುವಾಗ ಅಧಿಕಾರಿಗಳ ಮಾನಾಭಿಮಾನ ಬದುಕಿತ್ತು. 1919ರಲ್ಲಿ ನಡೆದ ವಿಚಾರಣಾ ಆಯೋಗವು ನಡೆದ ಲೋಪಗಳನ್ನು ದಾಖಲಿಸಿತು. ಸಮೋವಾದ ಜನ ಆ ನೋವನ್ನು ಮರೆಯಲಿಲ್ಲ. ಮುಂದೆ 'ಮಾವ್' ಎಂಬ ಹೆಸರಿನ ಅಹಿಂಸಾತ್ಮಕ ಸ್ವಾತಂತ್ರ್ಯ ಚಳವಳಿಗೆ ಆ ಸಮಾಧಿಗಳ ನೆನಪು ಬಲ ತುಂಬಿತು. 1962ರಲ್ಲಿ ಸಮೋವಾ ಸ್ವತಂತ್ರವಾಯಿತು. 2002ರಲ್ಲಿ ನ್ಯೂಜಿಲೆಂಡಿನ ಪ್ರಧಾನಿ ಹೆಲೆನ್ ಕ್ಲಾರ್ಕ್ ಅಪಿಯಾಕ್ಕೆ ಬಂದು, 1918ರ ಆ ದುರಂತಕ್ಕಾಗಿಯೂ ತಮ್ಮ ದೇಶದ ಪರವಾಗಿ ಕ್ಷಮೆ ಯಾಚಿಸಿದರು. ಹೇಳಬೇಕಾಗಿದ್ದ ಒಂದು ಮಾತನ್ನು ಹೇಳಲು ಎಂಬತ್ತನಾಲ್ಕು ವರ್ಷ ಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನೂ ಹೇಳಬೇಕು. ರೋಗವನ್ನು ಕಾಯುವುದೆಂದರೆ ರೋಗಿಯನ್ನು ಕೈಬಿಡುವುದಲ್ಲ. ಇದೇ ಸಾಗರದ ಹವಾಯಿ ದ್ವೀಪಗಳಲ್ಲಿ 1865ರಲ್ಲಿ ಕುಷ್ಠರೋಗ ತಡೆಯ ಕಾನೂನು ಬಂದಿತು. ರೋಗಿಗಳೆಂದು ಗುರುತಿಸಿದವರನ್ನು ಹಿಡಿದು ಮೊಲೊಕಾಯ್ ದ್ವೀಪದ ಒಂಟಿ ಭೂಶಿರಕ್ಕೆ ಸಾಗಿಸಲಾಗುತ್ತಿತ್ತು. ನೂರು ವರ್ಷಗಳಲ್ಲಿ ಹಾಗೆ ಹೋದವರು ಸುಮಾರು 8,000 ಮಂದಿ. ಹಿಡಿದೊಯ್ಯುತ್ತಾರೆಂಬ ಭಯದಿಂದ ಕುಟುಂಬಗಳು ತಮ್ಮವರನ್ನು ಕಾಡಿನಲ್ಲೂ ಕಣಿವೆಗಳಲ್ಲೂ ಬಚ್ಚಿಟ್ಟವು. ಹೇಳಿದವನಿಗೆ ಶಿಕ್ಷೆಯೇ ಕಾದಿದ್ದರೆ ಯಾರು ತಾನೇ ಹೇಳಿಯಾರು? ಆ ಭೂಶಿರಕ್ಕೆ 1873ರ ಮೇ ತಿಂಗಳಲ್ಲಿ ಬೆಲ್ಜಿಯಂ ದೇಶದ ಫಾದರ್ ಡೇಮಿಯನ್ ಹೋದದ್ದೂ, ರೋಗಿಗಳ ಹುಣ್ಣು ತೊಳೆದು, ಮನೆ ಕಟ್ಟಿಕೊಟ್ಟು, ಸತ್ತವರಿಗೆ ಗೌರವದ ಶವಸಂಸ್ಕಾರ ನೀಡಿ, ಕಡೆಗೆ ತಾವೂ ಅದೇ ರೋಗದಿಂದ 1889ರ ಏಪ್ರಿಲ್ 15ರಂದು ಮಡಿದದ್ದೂ ನಮ್ಮ ಓದುಗರಿಗೆ ತಿಳಿದ ಸಂಗತಿ. 2009ರಲ್ಲಿ ಧರ್ಮಸಭೆ ಅವರನ್ನು ಸಂತರೆಂದು ಘೋಷಿಸಿತು. ರೋಗದ ಕಾವಲಿಗೆ ಕರುಣೆ ಜೊತೆಯಾಗದಿದ್ದರೆ ಆ ಕಾವಲು ಸೆರೆಮನೆಯಾಗುತ್ತದೆ ಎಂಬುದಕ್ಕೆ ಮೊಲೊಕಾಯ್ ಸಾಕ್ಷಿಯಾಗಿ ನಿಂತಿದೆ.

ಎರಡನೆಯ ಮಹಾಯುದ್ಧದ ನಂತರ ಕಾಲ ಬದಲಾಯಿತು. 1947ರಲ್ಲಿ ಪೆಸಿಫಿಕ್ ನಾಡುಗಳ ಹಿತಕ್ಕಾಗಿ ದಕ್ಷಿಣ ಪೆಸಿಫಿಕ್ ಆಯೋಗ ಸ್ಥಾಪನೆಯಾಯಿತು. ನ್ಯೂ ಕ್ಯಾಲೆಡೋನಿಯಾದ ನೂಮಿಯಾ ನಗರ ಅದರ ಕೇಂದ್ರವಾಯಿತು. ಒಂದೊಂದಾಗಿ ದ್ವೀಪಗಳು ಸ್ವತಂತ್ರವಾದವು. ಹಡಗಿನ ಬದಲು ವಿಮಾನ ಬಂತು. ವಾರಗಟ್ಟಲೆ ಸಾಗುತ್ತಿದ್ದ ಪ್ರಯಾಣ ಗಂಟೆಗಳಿಗಿಳಿಯಿತು. ರೋಗ ಮೈದೋರುವ ಮೊದಲೇ ರೋಗಿ ಮನೆ ಸೇರುವ ಕಾಲದಲ್ಲಿ ಬಾವುಟ ಸಾಲದಾಯಿತು. ಈ ಅಗತ್ಯವನ್ನು ಮನಗಂಡು, 1996ರ ಡಿಸೆಂಬರ್‌ನಲ್ಲಿ ಆ ಆಯೋಗ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ 22 ದ್ವೀಪದೇಶ ಹಾಗೂ ಪ್ರಾಂತ್ಯಗಳು ಸೇರಿ 'ಪೆಸಿಫಿಕ್ ಸಾರ್ವಜನಿಕ ಆರೋಗ್ಯ ಕಣ್ಗಾವಲು ಜಾಲ'ವನ್ನು ಕಟ್ಟಿಕೊಂಡವು. ಡೆಂಗಿ, ದಡಾರ, ರುಬೆಲ್ಲಾ, ಇನ್‌ಫ್ಲುಯೆಂಜಾ, ಇಲಿಜ್ವರ, ವಿಷಮಶೀತ ಜ್ವರ, ಕಾಲರಾ ಮುಂತಾದವು ಅದರ ವಿಶೇಷ ಲಕ್ಷ್ಯಕ್ಕೆ ಬಂದವು. ಒಂದು ದ್ವೀಪದ ವೈದ್ಯರು ಕಂಡ ಹೊಸ ಜ್ವರದ ಸುದ್ದಿ ಅಂದೇ ಉಳಿದ ದ್ವೀಪಗಳನ್ನು ಮುಟ್ಟುವ ಏರ್ಪಾಡು ಮೊದಲು ಆಯಿತು. ಅನಂತರ ರಕ್ತ ಪರೀಕ್ಷೆಗಾಗಿ ಪ್ರಯೋಗಾಲಯಗಳ ಜಾಲವೂ, ರೋಗ ಕಂಡಲ್ಲಿಗೆ ಧಾವಿಸುವ ತಂಡಗಳೂ ಸಿದ್ಧವಾದವು.

ಆದರೆ ಎಲ್ಲ ದ್ವೀಪಗಳಲ್ಲೂ ಪ್ರಯೋಗಾಲಯ ಇಲ್ಲ. ರಕ್ತದ ಮಾದರಿಯನ್ನು ವಿಮಾನದಲ್ಲಿ ಕಳುಹಿಸಿ ಉತ್ತರಕ್ಕೆ ಕಾಯುತ್ತಾ ಕುಳಿತರೆ ರೋಗ ಕಾಯುವುದಿಲ್ಲ. ಆದ್ದರಿಂದ 2010ರಲ್ಲಿ ಸರಳವಾದ ಕ್ರಮವೊಂದು ಜಾರಿಗೆ ಬಂದಿತು. ಆಯ್ದ ಆಸ್ಪತ್ರೆ ಮತ್ತು ಚಿಕಿತ್ಸಾಲಯಗಳ ದಾದಿಯರು ರೋಗದ ಹೆಸರನ್ನು ಹುಡುಕಬೇಕಾಗಿಲ್ಲ, ನಾಲ್ಕು ಬಗೆಯ ಲಕ್ಷಣಗಳನ್ನು ಎಣಿಸಿದರೆ ಸಾಕು: ಜ್ವರದೊಡನೆ ಮೈಮೇಲೆ ಗುಳ್ಳೆ, ಭೇದಿ, ಶೀತಜ್ವರದಂತಹ ಕೆಮ್ಮು, ಬಿಡದ ದೀರ್ಘಜ್ವರ. ಈ ಎಣಿಕೆ ವಾರಕ್ಕೊಮ್ಮೆ ಕೇಂದ್ರಕ್ಕೆ ಹೋಗುತ್ತದೆ. ಕಳೆದ ವಾರಗಳಲ್ಲಿ ಮೂರೋ ನಾಲ್ಕೋ ಇದ್ದ ಸಂಖ್ಯೆ ಈ ವಾರ ಹದಿನೈದಾದರೆ ಗಂಟೆ ಬಾರಿಸಿದಂತೆ. ಈ ಇಡೀ ವ್ಯವಸ್ಥೆಯ ಬುನಾದಿ ಯಂತ್ರವಲ್ಲ; ದಿನದ ಕೆಲಸ ಮುಗಿದ ಮೇಲೆ ದಣಿದ ಕಣ್ಣಿನಿಂದ ದಾಖಲೆ ಪುಸ್ತಕವನ್ನು ತೆರೆದು ಪ್ರಾಮಾಣಿಕವಾಗಿ ಎಣಿಸುವ ಒಬ್ಬ ದಾದಿ.

ಇಂತಹ ಎಚ್ಚರದ ಕಣ್ಣು ಇಡೀ ಲೋಕಕ್ಕೆ ಉಪಕಾರ ಮಾಡಿದ ಪ್ರಸಂಗವೂ ಇದೆ. 2007ರಲ್ಲಿ ಮೈಕ್ರೊನೇಷಿಯಾದ ಯಾಪ್ ಎಂಬ ಸಣ್ಣ ದ್ವೀಪದಲ್ಲಿ ಜ್ವರ, ಗುಳ್ಳೆ, ಕೆಂಗಣ್ಣು ಹೆಚ್ಚಾಗಿ ಕಾಣಿಸಿಕೊಂಡವು. ಡೆಂಗಿ ಇರಬಹುದೆಂದು ಮೊದಲು ತೋರಿದರೂ ಅದರಂತಿಲ್ಲವಲ್ಲ ಎಂದು ಸ್ಥಳೀಯ ವೈದ್ಯರಿಗೆ ಅನುಮಾನ ಬಂತು. ರಕ್ತದ ಮಾದರಿಗಳನ್ನು ಅಮೆರಿಕಕ್ಕೆ ಕಳುಹಿಸಿದಾಗ ಅದು ಝೀಕಾ ಎಂದು ತಿಳಿಯಿತು. ಆಫ್ರಿಕಾ ಮತ್ತು ಏಷ್ಯಾದ ಹೊರಗೆ ಆ ರೋಗ ಹಬ್ಬಿದ್ದು ಅದೇ ಮೊದಲು. 2013ರಲ್ಲಿ ಅದು ಫ್ರೆಂಚ್ ಪಾಲಿನೇಷ್ಯಾವನ್ನು ತಲುಪಿದಾಗ, ಝೀಕಾದೊಡನೆ ಕೈಕಾಲುಗಳ ಬಲ ಕುಂದಿಸುವ ನರರೋಗವೂ ಹೆಚ್ಚುತ್ತಿರುವುದನ್ನು ಅಲ್ಲಿನ ವೈದ್ಯರು ಗಮನಿಸಿ ತಿಳಿಸಿದರು. 2015ರಲ್ಲಿ ಬ್ರೆಜಿಲ್ ದೇಶದಲ್ಲಿ ಝೀಕಾ ಹಬ್ಬಿದಾಗ ಆ ದ್ವೀಪವೈದ್ಯರ ದಾಖಲೆಗಳು ದಾರಿದೀಪವಾದವು.

ಆದರೂ ಸುದ್ದಿಯೊಂದೇ ಸಾಲದು, ಸುದ್ದಿ ಹೇಳುವವರ ಮೇಲೆ ನಂಬಿಕೆಯೂ ಬೇಕು. 1918ರಲ್ಲಿ ಅಷ್ಟು ನೊಂದಿದ್ದ ಸಮೋವಾ ಇದನ್ನು ಮತ್ತೊಮ್ಮೆ ಕಣ್ಣೀರಿನಲ್ಲಿ ಕಲಿಯಬೇಕಾಯಿತು. 2018ರ ಜುಲೈನಲ್ಲಿ ಅಲ್ಲಿ ದಡಾರದ ಚುಚ್ಚುಮದ್ದು ಪಡೆದ ಎರಡು ಹಸುಳೆಗಳು ಮೃತಪಟ್ಟವು. ಲಸಿಕೆಯ ಪುಡಿಗೆ ನೀರಿನ ಬದಲು ಬೇರೊಂದು ಔಷಧವನ್ನು ದಾದಿಯರು ತಪ್ಪಿ ಬೆರೆಸಿದ್ದರು. ಲಸಿಕೆಯಲ್ಲಿ ದೋಷವಿರಲಿಲ್ಲ. ಆದರೆ ಲಸಿಕಾ ಕಾರ್ಯಕ್ರಮ ತಿಂಗಳುಗಟ್ಟಲೆ ನಿಂತಿತು, ಸುಳ್ಳು ಸುದ್ದಿಗಳು ಹಬ್ಬಿದವು, ತಾಯಂದಿರು ಹೆದರಿದರು. ಆ ವರ್ಷ ಲಸಿಕೆ ಪಡೆದ ಶಿಶುಗಳ ಪ್ರಮಾಣ ಶೇಕಡಾ 31ಕ್ಕೆ ಕುಸಿಯಿತೆಂದು ಅಂದಾಜು. 2019ರಲ್ಲಿ ನ್ಯೂಜಿಲೆಂಡಿನಿಂದ ದಡಾರ ಬಂದಾಗ ಬಾಗಿಲು ತೆರೆದೇ ಇತ್ತು. ಸುಮಾರು ಎರಡು ಲಕ್ಷ ಜನರ ಆ ನಾಡಿನಲ್ಲಿ 5,700ಕ್ಕೂ ಹೆಚ್ಚು ಮಂದಿಗೆ ರೋಗ ತಗುಲಿ 83 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಐದು ವರ್ಷ ತುಂಬದ ಮಕ್ಕಳು. ಅದೇ ಋತುವಿನಲ್ಲಿ ದಡಾರ ಫಿಜಿ ಮತ್ತು ಟೋಂಗಾಗಳಿಗೂ ಬಂದಿತ್ತು. ಅಲ್ಲಿ ಲಸಿಕೆ ಪಡೆದವರು ಹೆಚ್ಚಿದ್ದುದರಿಂದ ಒಬ್ಬರೂ ಸಾಯಲಿಲ್ಲ.

ಆ ವರ್ಷ ಡಿಸೆಂಬರ್ 5 ಮತ್ತು 6ರಂದು ಸಮೋವಾ ಸರ್ಕಾರವು ಎಲ್ಲ ಕಚೇರಿ ಅಂಗಡಿಗಳನ್ನು ಮುಚ್ಚಿಸಿ, ಲಸಿಕೆ ಪಡೆಯದವರು ಇರುವ ಪ್ರತಿ ಮನೆಯ ಮುಂದೆ ಕೆಂಪು ಬಟ್ಟೆಯೊಂದನ್ನು ಕಟ್ಟುವಂತೆ ಕೇಳಿಕೊಂಡಿತು. ಅಂಗಳದ ಗಿಡಗಳಲ್ಲಿ, ಗೇಟುಗಳಲ್ಲಿ ಕೆಂಪು ಬಟ್ಟೆಗಳು ತೂಗಿದವು. ಅವನ್ನು ನೋಡಿಕೊಂಡು ದಾದಿಯರು ಮನೆಯಿಂದ ಮನೆಗೆ ನಡೆದರು. ಆ ತಿಂಗಳು ಮುಗಿಯುವ ಹೊತ್ತಿಗೆ ಲಸಿಕೆಗೆ ಅರ್ಹರಾದವರಲ್ಲಿ ಶೇಕಡಾ 95ರಷ್ಟು ಜನರಿಗೆ ರಕ್ಷಣೆ ದೊರೆತು ರೋಗ ಇಳಿಮುಖವಾಯಿತು. 1875ರಲ್ಲಿ ಲೆವುಕಾ ಬಂದರಿನಲ್ಲಿ ಹಾರದ ಹಳದಿ ಬಾವುಟಕ್ಕೂ ಈ ಕೆಂಪು ಬಟ್ಟೆಗೂ ನಡುವೆ ಒಂದು ದೊಡ್ಡ ಅಂತರವಿದೆ. ಮೊದಲನೆಯದು ದೂರ ಇರಿ ಎನ್ನುವ ಗುರುತು. ಎರಡನೆಯದು ನಮ್ಮ ಮನೆಗೆ ಬನ್ನಿ, ನಮ್ಮ ಮಗುವಿಗೆ ನೆರವು ಬೇಕಾಗಿದೆ ಎನ್ನುವ ಗುರುತು.

ಮುಂದಿನ ವರ್ಷವೇ ಕೋವಿಡ್ ಬಂದಾಗ ದ್ವೀಪಗಳು ತಡಮಾಡಲಿಲ್ಲ. 2020ರ ಆರಂಭದಲ್ಲೇ ಸಮೋವಾ, ಟೋಂಗಾ, ಕಿರಿಬಾಸ್ ಮೊದಲಾದ ನಾಡುಗಳು ಗಡಿ ಮುಚ್ಚಿದವು. ಅಮೆರಿಕನ್ ಸಮೋವಾದಲ್ಲಿ 2022ರ ಆರಂಭದವರೆಗೂ ರೋಗ ಜನರ ನಡುವೆ ಹರಡಲಿಲ್ಲ. ಅಷ್ಟರಲ್ಲಿ ಲಸಿಕೆ ತಯಾರಾಗಿ ಬಂದಿತ್ತು. ಇದಕ್ಕೂ ಬೆಲೆ ತೆತ್ತವರಿದ್ದಾರೆ. ಕೂಲಿಗೆಂದೋ ಓದಿಗೆಂದೋ ಹೊರಗೆ ಹೋದ ಮಕ್ಕಳು ತಿಂಗಳುಗಟ್ಟಲೆ ಮನೆಗೆ ಮರಳಲಾಗದೆ ಉಳಿದರು. ಪ್ರವಾಸಿಗರನ್ನೇ ನಂಬಿದ ಕುಟುಂಬಗಳು ಕಷ್ಟಪಟ್ಟವು. ಆದರೂ ಅಜ್ಜಂದಿರು ಹೇಳಿದ 1918ರ ಕಥೆ ಆ ಜನರಿಗೆ ಪುಸ್ತಕದ ಪಾಠವಾಗಿರಲಿಲ್ಲ, ಮನೆತನದ ನೆನಪಾಗಿತ್ತು.

ಈ ಒಂದೂವರೆ ಶತಮಾನದ ಕಥೆಯಲ್ಲಿ ದೊಡ್ಡ ವೀರರು ಹೆಚ್ಚಿಲ್ಲ. ರೇಡಿಯೊ ಸುದ್ದಿಯನ್ನು ಗಂಭೀರವಾಗಿ ತೆಗೆದುಕೊಂಡ ಒಬ್ಬ ಅಧಿಕಾರಿ, ಕಡಲತೀರದಲ್ಲಿ ನಿದ್ದೆಗೆಟ್ಟ ಗ್ರಾಮಸ್ಥರು, ಪುಟ್ಟ ದ್ವೀಪದ ಗುಡಿಸಲಿನಲ್ಲಿ ದಿನ ಎಣಿಸಿದ ಬಡ ಕೂಲಿಗಾರರು, ವಾರವಾರವೂ ಲೆಕ್ಕ ಬರೆಯುವ ದಾದಿ, ಅಂಗಳದ ಗಿಡಕ್ಕೆ ಕೆಂಪು ಬಟ್ಟೆ ಕಟ್ಟಿದ ತಾಯಿ. ಇವರೆಲ್ಲರೂ ಮಾಡಿದ್ದು ಒಂದೇ ಕೆಲಸ: ನೆರೆಯವನ ಜೀವವನ್ನು ತಮ್ಮ ಮರ್ಯಾದೆಗಿಂತ, ಅನುಕೂಲಕ್ಕಿಂತ ಮೇಲೆಂದು ಎಣಿಸಿದರು. ನೆರೆಯವನನ್ನು ನಿನ್ನಂತೆಯೇ ಪ್ರೀತಿಸು ಎಂಬ ಆಜ್ಞೆಯನ್ನು ಕೇಳಿ ಬೆಳೆದ ನಮಗೆ ಇದು ಅಪರಿಚಿತವಾದ ಮಾತಲ್ಲ. ನಮ್ಮ ಮನೆಯಲ್ಲಿ ಜ್ವರವಿದ್ದಾಗ ಕೂಟಕ್ಕೆ ಹೋಗದೆ ಉಳಿಯುವುದು, ಆರೋಗ್ಯ ಕಾರ್ಯಕರ್ತೆ ಬಾಗಿಲಿಗೆ ಬಂದು ಕೇಳಿದಾಗ ಉಳ್ಳದ್ದನ್ನು ಉಳ್ಳಹಾಗೆ ಹೇಳುವುದು, ರೋಗವೆಂದು ಹೇಳಿಕೊಂಡವರನ್ನು ಹಳಿಯದೆ ಒಂದು ಪಾತ್ರೆ ಗಂಜಿಯನ್ನು ಅವರ ಹೊಸ್ತಿಲಲ್ಲಿಟ್ಟು ಬರುವುದು, ಇವು ಸಣ್ಣ ಕೆಲಸಗಳೇ. ಆದರೆ ಇಂತಹ ಸಣ್ಣ ಕೆಲಸವೊಂದು ನಡೆಯದೆ ಹೋದ ದಿನ ಫಿಜಿಯಲ್ಲಿ 40,000 ಜನ ಸತ್ತರು; ನಡೆದ ದಿನ ಒಂದು ಸಮೋವಾ ಇಡಿಯಾಗಿ ಉಳಿಯಿತು.